ಬೇಟೆಯ ಜಾಕೆಟ್ಟಿಗೆ ಒಗ್ಗರಣೆ

ಪರೀಕ್ಷೆ ಅಂತ ಒಂದು ಕಣ್ಣಿಗೆ ಬಿದ್ದರೆ ಅದನ್ನು ಬರೆಯದೆ ಬಿಡುವ ಅಭ್ಯಾಸ ಶಶಿಧರನಿಗೆ ಇರಲಿಲ್ಲ. ಅವನ ಮ್ಯಾನೇಜರ್ ಡಗ್ ಬೇಟೆಯ ಹುಚ್ಚಿನ ಆಸಾಮಿ. ಬೇಟೆ ಲೈಸೆನ್ಸಿನ ಆನ್‌ಲೈನ್ ಕೋರ್ಸಿನ ಲಿಂಕನ್ನು ಟೀಮಿಗೆಲ್ಲ ತಮಾಷೆಗೆ ಕಳಿಸಿದ್ದ. ಉಳಿದವರು ನಕ್ಕು ಸುಮ್ಮನಾದರು. ಶಶಿಧರ ಮಾತ್ರ ಎರಡು ವೀಕೆಂಡು ಕೂತು ಓದಿ, ನೋಟ್ಸು ಮಾಡಿ, ನೂರಕ್ಕೆ ನೂರು ತೆಗೆದ. ಧಾರವಾಡದ ಈ ಪ್ರಾಣಿ ಚಿಕ್ಕಂದಿನಿಂದ ರ‍್ಯಾಂಕಿನ ಹೊರತು ಬೇರೇನೂ ಬೇಟೆಯಾಡಿದ್ದಿಲ್ಲ. ಪಾಸಾದವನು ಜಿಂಕೆ ಹೊಡೆಯಬೇಕಾಗುತ್ತದೆ ಅನ್ನುವುದು ಪಾಪ, ಅವನಿಗೆ ಹೊಳೆಯಲೇ ಇಲ್ಲ.

ಡಗ್‌ಗೆ ಆನಂದವೋ ಆನಂದ. ಮೌಂಟನ್ ವ್ಯೂ ಆಫೀಸಿನ ತುಂಬ ಡಂಗುರ ಸಾರಿದ. "ಭಾನುವಾರ ನಸುಕಿನಲ್ಲಿ ಹೊರಡೋಣ. ಡ್ರೆಸ್ಸು, ಬೂಟು ತಗೊಂಡಿರು, ಶನಿವಾರ ಸಂಜೆ ಬಂದು ನೋಡ್ತೀನಿ" ಎಂದ. ಅಕ್ಟೋಬರಿನ ಪ್ರಮೋಷನ್ನಿಗೆ ಸಹಿ ಹಾಕುವ ಕೈಯೂ ಅವನದೇ. ಶಶಿಧರ ಹಲ್ಲು ಕಿರಿದು ತಲೆಯಾಡಿಸಿದ.

ಶನಿವಾರ ಬೆಳಿಗ್ಗೆ ಹೆಂಡತಿ ಮಾಧುರಿ ಸೌಟು ಹಿಡಿದೇ ಬಾಗಿಲಿಗೆ ಅಡ್ಡ ನಿಂತಳು. "ತತ್ತಿ ಸೈತ ಮುಟ್ಟದ ಮನಿತನ ನಮ್ದು. ಆ ಜಿಂಕಿಗೆ ಗುಂಡು ತಾಕ್ತೋ, ನೀವು ಈ ಮನಿ ಹೊಸ್ತಿಲಾ ದಾಟಂಗಿಲ್ಲ, ಹೇಳೇನಿ."

"ನಾ ಎಲ್ಲಿ ಹೊಡೀತೇನಿ? ಹೋಗ್ಲಿಲ್ಲಂದ್ರ ಪ್ರಮೋಷನ್ ಹೋಗ್ತದ. ಸುಮ್ನ ಹೋಗಿ ಕೂತು ಬರ್ತೇನಿ."

"ಜಿಂಕಿ ಎದುರಿಗೇ ಬಂದು ನಿಂತ್ರ?"

ನೂರಕ್ಕೆ ನೂರು ತೆಗೆದವನು ಕಾರಿನ ಕೀಲಿ ಎತ್ತಿಕೊಂಡ.

ಬೇಟೆ ಸಾಮಾನಿನ ಅಂಗಡಿಗೆ ಕಾರು ಹೊರಡುವಷ್ಟರಲ್ಲಿ ಎದುರು ಮನೆಯ ಶೇಷಾದ್ರಿ ಕರೆಯದೆಯೇ ಬಂದು ಪಕ್ಕದ ಸೀಟಿನಲ್ಲಿ ಕೂತರು. ಈ ಮೈಸೂರಿನ ಹಿರಿಯರು ಸೊಳ್ಳೆ ಬ್ಯಾಟಿಗಿಂತ ದೊಡ್ಡ ಆಯುಧ ಹಿಡಿದವರಲ್ಲ. ಆದರೆ ನಾಲ್ಕು ವಿಡಿಯೋ ನೋಡಿ ಪಂಡಿತರಾಗಿದ್ದರು.

ಅಂಗಡಿಯಲ್ಲಿ ಅವರದೇ ದರ್ಬಾರು. "ಮೊದ್ಲು ಈ ಎಲೆ-ಕೊಂಬೆ ಪ್ರಿಂಟಿನ ಪ್ಯಾಂಟು ಹಾಕ್ಕೊಳ್ಳಿ ಶಶಿ. ನೀವು ಜಿಂಕೆಗೆ ಕಾಣಬಾರ್ದು. ಮೇಲೆ ಈ ಕಿತ್ತಳೆ ಜಾಕೆಟ್ಟು. ಬೇರೆ ಬೇಟೆಗಾರರಿಗೆ ಕಾಣ್ಬೇಕು, ಇಲ್ದಿದ್ರೆ ನಿಮ್ಗೇ ಗುಂಡು ಬೀಳತ್ತೆ."

"ಕಾಣಬೇಕೋ ಕಾಣಬಾರದೋ, ಒಂದು ಹೇಳ್ರಿ ಸರ್."

"ಜಿಂಕೆಗೆ ಕಿತ್ತಳೆ ಬಣ್ಣ ತಿಳಿಯಲ್ಲ ಕಣ್ರೀ! ಈಗ ಕುಕ್ಕರುಗಾಲಲ್ಲಿ ಕೂತು ತೋರ್ಸಿ."

ಕನ್ನಡಿಯಲ್ಲಿ ಶಶಿಧರ, ಪೊದೆಯ ಮೇಲೆ ಒಣಹಾಕಿದ ಸನ್ಯಾಸಿಯ ಕಾವಿಯಂತೆ ಕಂಡ. ಕೂತದ್ದೇ ತಡ, ಪ್ಯಾಂಟು ಹಿಂದಿನಿಂದ ಪರ್ರೆಂದಿತು. ಹರಿದದ್ದನ್ನೂ ಕೊಂಡು, ಒಂದು ಸೈಜು ದೊಡ್ಡದನ್ನೂ ಕೊಂಡು ಕೌಂಟರಿಗೆ ಬಂದಾಗ ಅಲ್ಲಿದ್ದಾಕೆ ಒಂದು ಬಾಟಲಿ ಮುಂದಿಟ್ಟಳು. "ಈ ವಾಸನೆಯಿಲ್ಲದ ಸೋಪಿನಲ್ಲಿ ಬಟ್ಟೆ ಒಗೆಯಿರಿ. ಅಡುಗೆಮನೆಯ ವಾಸನೆ ಚೂರು ತಾಗಿದರೂ ಸಾಕು, ಜಿಂಕೆ ಅರ್ಧ ಮೈಲಿ ಆಚೆಯಿಂದಲೇ ಓಟ ಕೀಳುತ್ತೆ."

ಶಶಿಧರನಿಗೆ ಆಕೆಯ ಕಾಲಿಗೆ ಬೀಳಬೇಕೆನ್ನಿಸಿತು. ಸೋಪು ಅಲ್ಲೇ ಬಿಟ್ಟು ಮನೆಗೆ ಓಡಿದ.

ವಿಷಯ ತಿಳಿದದ್ದೇ ಮಾಧುರಿ ಸೆರಗು ಸಿಕ್ಕಿಸಿದಳು. ಜಾಕೆಟ್ಟು ಒಲೆಯ ಮೇಲುಗಡೆ ತೂಗಿತು. ಕೆಳಗೆ ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಮುಷ್ಟಿ ಬಳ್ಳೊಳ್ಳಿ, ಬ್ಯಾಡಗಿ ಮೆಣಸಿನಕಾಯಿ, ಇಂಗು. ಒಂದಲ್ಲ, ಆರು ಸಲ. ಹೊಗೆಯ ಅಲಾರಾಂ ಬಾಯಿ ಬಡಿದುಕೊಳ್ಳತೊಡಗಿತು. ಶಶಿಧರ ಸ್ಟೂಲು ಹತ್ತಿ ಟವೆಲು ಬೀಸಿದ. ಎವರ್‌ಗ್ರೀನ್ ಬಡಾವಣೆಯ ಅವರ ಬೀದಿಯೆಲ್ಲ ಕೆಮ್ಮಿತು. ಶೇಷಾದ್ರಿ ಮೂಗು ಮುಚ್ಚಿಕೊಂಡು ಒಳಬಂದು ಜಾಕೆಟ್ಟನ್ನು ಮೂಸಿದರು.

"ಇಂಗು ಸಾಲ್ದಮ್ಮ. ಇನ್ನೊಂದು ಚಮಚ ಹಾಕಿ."

ಸಂಜೆಯ ಹೊತ್ತಿಗೆ ಜಾಕೆಟ್ಟನ್ನು ಬಿಸಿ ಅನ್ನಕ್ಕೆ ಕಲಸಿ ಉಣ್ಣಬಹುದಿತ್ತು.

ಡಗ್ ಬಂದ. ಜಾಕೆಟ್ಟಿನ ಬಳಿ ಮುಖ ತಂದವನೇ ಎರಡು ಹೆಜ್ಜೆ ಹಿಂದೆ ಹಾರಿದ. ಕಣ್ಣಲ್ಲಿ ನೀರು. "ಶಶಿ, ಇದನ್ನು ಹಾಕಿಕೊಂಡು ಬಂದರೆ ಜಿಂಕೆಗಳೆಲ್ಲ ಗಡಿ ದಾಟಿ ನೆವಾಡಾಕ್ಕೆ ಓಡಿಹೋಗ್ತವೆ! ಬೇಜಾರು ಮಾಡ್ಕೋಬೇಡ, ನಾಳೆ ನಾನೊಬ್ಬನೇ ಹೋಗ್ತೀನಿ. ನೀನು ಇಷ್ಟು ಆಸಕ್ತಿ ತೋರಿಸಿದೆಯಲ್ಲ, ಅದೇ ದೊಡ್ಡದು."

ಶಶಿಧರ ಮುಖ ಸಪ್ಪೆ ಮಾಡಿಕೊಳ್ಳಲು ಪಟ್ಟ ಪಾಡು ದೇವರಿಗೇ ಪ್ರೀತಿ. ಹೊರಡುವಾಗ ಡಗ್ ತಿರುಗಿ ನಿಂತ. "ಇವತ್ತೊಂದು ದಿನ ಇದನ್ನು ಕೊಡ್ತೀಯಾ? ಲಾಸ್ ಗ್ಯಾಟೋಸಿನ ನಮ್ಮ ಮನೆಗೆ ಜಿಂಕೆಗಳು ನುಗ್ಗಿ ಹೆಂಡತಿಯ ಗುಲಾಬಿಯನ್ನೆಲ್ಲ ಮೇಯ್ತಾ ಇವೆ. ಬೇಲಿಗೆ ನೇತುಹಾಕ್ತೀನಿ."

ಶಶಿಧರ ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ಜಿಂಕೆಯ ಜೀವವೂ ಉಳಿಯಿತು, ಪ್ರಮೋಷನ್ನೂ ಉಳಿಯಿತು. ಮಾಧುರಿ ಖುಷಿಗೆ ಶೇಂಗಾ ಹೋಳಿಗೆ ತಟ್ಟಿದಳು.

ಎಂಟಕ್ಕೆ ಊಟಕ್ಕೆ ಕೂತಿದ್ದಾಗ ಫೋನು ಗುಂಯ್ ಅಂದಿತು. ಡಗ್ ಕಳಿಸಿದ ಫೋಟೋ. ಬೇಲಿಯ ಮೇಲೆ ಜಾಕೆಟ್ಟು, ಸುತ್ತ ಏಳು ಜಿಂಕೆಗಳು. ಗುಲಾಬಿಯ ಕಡೆ ಒಂದೂ ತಿರುಗಿ ನೋಡಿರಲಿಲ್ಲ. ಒಂದಂತೂ ಕಣ್ಣುಮುಚ್ಚಿ ತೋಳನ್ನು ಚಪ್ಪರಿಸುತ್ತಿತ್ತು. ಕೆಳಗೆ ಬರೆದಿತ್ತು: "ಹನ್ನೊಂದು ವರ್ಷದ ಬೇಟೆಯಲ್ಲಿ ಇಷ್ಟು ಜಿಂಕೆ ಒಟ್ಟಿಗೆ ಕಂಡಿಲ್ಲ. ಶಶಿ, ನೀನು ಬರಲೇಬೇಕು. ನಾಲ್ಕಕ್ಕೆ ಬರ್ತೀನಿ, ಜಾಕೆಟ್ಟು ನಾನೇ ತರ್ತೀನಿ. ಮೊದಲ ಗುಂಡು ನಿನ್ನದೇ!"

ಶಶಿಧರನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಮಾಧುರಿ ಫೋನು ಕಸಿದುಕೊಂಡು ನೋಡಿದಳು. ನೋಡನೋಡುತ್ತ ಅವಳ ಮುಖ ಅರಳಿತು.

"ಅಯ್ಯ ನಮ್ಮವ್ವಾ, ಹೆಂಗ ನೆಕ್ಕಾಕತ್ತದ ನೋಡ್ರಿ! ನನ್ನ ಕೈರುಚಿ ತಿಳಿದಾವು ಈ ಊರಾಗ ಇವು ಏಳೇ. ಇವಕ್ಕ ಗುಂಡು ಹೊಡದೀರಿ ಮತ್ತ!" ಎಂದು ಎದ್ದವಳು, "ನಸುಕಿನ್ಯಾಗ ಎದ್ದು ಬುತ್ತಿ ಕಟ್ಟಿಕೊಡ್ತೇನಿ, ಮರೀದ ಒಯ್ರಿ" ಎಂದಳು.

"ಬುತ್ತಿ ನನಗೇನು?" ಎಂದ ಶಶಿಧರ, ಆಸೆಯಿಂದ.

"ನಿಮಗಲ್ಲ. ಅವಕ್ಕ."