ರೇಡಿಯೋದ ಗುಂಡಿ ಬಿಡದ ಕಾಕಾ

ರೇಡಿಯೋದಲ್ಲಿ ಮಾತಾಡುವವರನ್ನೆಲ್ಲ ಹದ್ದುಬಸ್ತಿನಲ್ಲಿ ಇಡಲು ಮೂಡಲಗಿಯಲ್ಲಿ ಒಬ್ಬ ಅಧಿಕಾರಿ ಇದ್ದರೆಂಬುದು ನಿಮಗೆ ಗೊತ್ತೇ? ಗೊತ್ತಿರಲಿಕ್ಕಿಲ್ಲ. ಸರ್ಕಾರಕ್ಕೇ ಗೊತ್ತಿರಲಿಲ್ಲ! ಅವರು ನಮ್ಮ ಕಾಕಾ. ನೇಮಕ ಅವರೇ ಮಾಡಿಕೊಂಡದ್ದು. ಪಗಾರವಿಲ್ಲ, ರಜೆಯಿಲ್ಲ, ಬಿಡುಗಡೆಯಂತೂ ಇಲ್ಲವೇ ಇಲ್ಲ. ಅವರನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆದ್ದರಿಂದ ನನ್ನಿಂದ ಪಕ್ಷಪಾತವಿಲ್ಲದ ಮಾತನ್ನು ದಯವಿಟ್ಟು ನಿರೀಕ್ಷಿಸಬೇಡಿ.

ಕಾಕಾ ಇಪ್ಪತ್ತು ವರ್ಷ ಗೋಕಾಕದ ಕಡೆ ಗಿರಣಿಯಲ್ಲಿ ಮಗ್ಗ ನಡೆಸಿದವರು. ಅಷ್ಟೂ ಮಗ್ಗಗಳು ಒಮ್ಮೆಲೇ ಬಡಿಯುವ ಗದ್ದಲದಲ್ಲಿ ಬಾಜೂದವನ ಮಾತನ್ನು ಹೆಕ್ಕಿ ತೆಗೆಯುವುದು ಅವರಿಗೆ ರೂಢಿಯಾಗಿಬಿಟ್ಟಿತ್ತು. ಗಿರಣಿ ಬಿಟ್ಟು ಊರಿಗೆ ಬರುವಾಗ ಬೇರೆಯವರು ಜೋಡೆತ್ತು ತಂದರೆ ಇವರು ಬ್ಯಾಟರಿಯ ರೇಡಿಯೋ ತಂದರು. ತಂದದ್ದು ಸರಿ, ಅದನ್ನು ಬೇರೆಯವರು ಕೇಳಲು ಬಿಡಬೇಕೋ ಬೇಡವೋ? ಪಡಸಾಲೆಯಲ್ಲಿ ಅದರ ಪಕ್ಕಕ್ಕೆ ಮಣೆ ಹಾಕಿ ಕೂತು, ಗುಂಡಿಯ ಮೇಲೆ ಬಲಗೈ ಇಟ್ಟರೆಂದರೆ ಮುಗಿಯಿತು. ದನಿ ಸಣ್ಣದಾದರೆ ಏರಿಸುವರು, ದೊಡ್ಡದಾದರೆ ಇಳಿಸುವರು. ಇಷ್ಟೇ ಆಗಿದ್ದರೆ ನಾನೂ ಕೈಮುಗಿಯುತ್ತಿದ್ದೆ. ಆದರೆ ಮಾತಾಡುವವನು ಒಂದು ಗಳಿಗೆ ನಿಂತನೋ, ತಮ್ಮೊಬ್ಬರ ಕಿವಿಗೆ ಮಾತ್ರ ಕೇಳುವಷ್ಟು ಉಳಿಸಿ ಮಿಕ್ಕಿದ್ದನ್ನೆಲ್ಲ ಇಳಿಸಿಬಿಡುವರು. ಅವನು ಮತ್ತೆ ಬಾಯಿ ತೆರೆದಾಗ ಮತ್ತೆ ಏರಿಸುವರು.

ಅದು ಯುದ್ಧದ ಕಾಲ. ಸುದ್ದಿ ಕೇಳಲು ಅರ್ಧ ಓಣಿ ನಮ್ಮ ಪಡಸಾಲೆಯಲ್ಲಿ. ಒಂದು ಸಂಜೆ ಸುದ್ದಿಯ ನಡುವೆ ರೇಡಿಯೋ ಗಪ್ಪಾಯಿತು.

"ಬ್ಯಾಟರಿ ಮುಗೀತೇನ್ರಿ?" ಎಂದರು ಗೌಡರು.

"ಬ್ಯಾಟರಿ ಗಟ್ಟಿ ಐತ್ರಿ. ಅಂವ ಉಸರ ತಗೋಳಾಕತ್ತಾನ," ಎಂದರು ಕಾಕಾ. "ಅವನ ಉಸರ ತಗೊಂಡು ನೀವೇನ ಮಾಡ್ತೀರಿ?"

ಗೌಡರಿಗೇ ಈ ಉತ್ತರವಾದರೆ ನಮ್ಮಂಥವರ ಪಾಡೇನು?

ಭಜನಾ ಮಾಸ್ತರರದು ಇನ್ನೊಂದು ಕಥೆ. ದೊಡ್ಡ ಗವಾಯಿಯೊಬ್ಬರ ಹಾಡಿಕೆ ಇದೆಯೆಂದು ಅವರು ಕಲ್ಲೋಳಿಯಿಂದ ನಡೆದು ಬಂದಿದ್ದರು. ಗವಾಯಿ ಒಂದು ಸ್ವರ ಹಿಡಿದು ನಿಲ್ಲಿಸಿದರು. ಹಿಂದೆ ತಂಬೂರಿ ಮಾತ್ರ ಜುಂಯ್ ಎನ್ನುತ್ತಿತ್ತು. ಕಾಕಾ ಇಳಿಸಿಬಿಟ್ಟರು! ಗವಾಯಿ ಹಾಡಿದರೆ ಏರಿಕೆ, ಬರೀ ತಂಬೂರಿಯಾದರೆ ಇಳಿಕೆ. ಮಾಸ್ತರರು ತಲೆ ಹಿಡಿದುಕೊಂಡರು. "ಅದು ತಂಬೂರಿರಿ, ತಂಬೂರಿ. ಅದಿಲ್ಲದ ಹಾಡು ಹ್ಯಾಂಗ ನಿಲ್ತೈತಿ?"

"ಒಂದಾ ಸವನ ಬರೋದು ಗದ್ದಲ್ರಿ ಮಾಸ್ತರ. ಬಿಟ್ಟು ಬಿಟ್ಟು ಬರೋದು ಮನಷ್ಯಾ," ಎಂದರು ಕಾಕಾ.

ಮಾಸ್ತರರು ಚಹಾ ಕೂಡ ಕುಡಿಯದೆ ಕಲ್ಲೋಳಿಯ ದಾರಿ ಹಿಡಿದರು. ಅವರ ಹಿಂದೆಯೇ ಹೊರಟುಬಿಡಬೇಕೆಂದು ನನಗೂ ಅನಿಸಿತ್ತು. ನನ್ನ ಮನೆ ಅದೇ ಆಗಿದ್ದರಿಂದ ಉಳಿದುಕೊಂಡೆ.

ಒಮ್ಮೆ ಕಾಕಾ ನೀರು ಕುಡಿಯಲು ಎದ್ದಾಗ ದನಿ ಮಸುಕಾಯಿತು. ನಾನು ಗುಂಡಿ ಏರಿಸಿದೆ. ಖರ್ ಎಂದು ಮನೆ ತುಂಬಿತು. ಕಾಕಾ ಬಂದವರೇ ನನ್ನ ಕೈಮೇಲೆ ಫಟ್ಟೆಂದು ಒಂದು ಬಿಟ್ಟರು. "ಮನಷ್ಯಾ ಮಾತಾಡದಾಗ ಏರಿಸಿದ್ರ ಖರಖರಾನ ದೊಡ್ಡದಾಗತೈತಿ. ಅದಕ್ಕ ನಿನ್ನ ಕೈ ಬೇಕೇನು?" ನನಗೆ ಆಗ ಮೀಸೆ ಬಂದಿತ್ತು, ಮದುವೆ ಗೊತ್ತಾಗಿತ್ತು. ಓಣಿಯ ಮಂದಿಯ ಎದುರು ಹೊಡೆತ! ಇನ್ನು ಈ ರೇಡಿಯೋದ ಮುಂದೆ ಕೂತರೆ ಕೇಳಿ ಎಂದು ಅಂದೇ ನಿಶ್ಚಯಿಸಿದೆ.

ಅದೇ ಹೊತ್ತಿಗೆ ಅಣ್ಣನ ಕಾಗದ ಬಂತು. ಅಣ್ಣ ಪಲ್ಟನ್ ಸೇರಿ, ಮರಳುಗಾಡಿನ ಯಾವುದೋ ದೇಶಕ್ಕೆ ಹೋಗಿ ಎರಡು ವರ್ಷವಾಗಿತ್ತು. ಅಪ್ಪ ಹೋದಮೇಲೆ ಅವ್ವನಿಗೆ ಅವನೇ ಜೀವ. ಆರು ತಿಂಗಳಿಂದ ಅವನ ಕಾಗದಗಳಲ್ಲಿ ಅಕ್ಷರ ಬದಲಾಗಿತ್ತು. ಅವ್ವನಿಗೆ ಓದು ಬಾರದು, ಆದರೆ ಹಳೆಯ ಕಾಗದವನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ನೋಡುವಳು. "ಇವು ಅವನ ಅಕ್ಷರ ಅಲ್ಲೋ. ನನ್ನ ಸಮಾಧಾನಕ್ಕ ಯಾರೋ ಬರಿಯಾಕತ್ತಾರ," ಎನ್ನುವಳು. ನಾವು ಎಷ್ಟು ಹೇಳಿದರೂ ಕೇಳಲಿಲ್ಲ, ಊಟ ಅರ್ಧಕ್ಕಿಳಿಯಿತು. ಈಗ ಬಂದ ಕಾಗದದಲ್ಲಿ, ಸಿಪಾಯಿಗಳು ಮನೆಯವರಿಗೆ ಎರಡು ಮಾತು ಹೇಳುವ ಕಾರ್ಯಕ್ರಮದಲ್ಲಿ ತಾನೂ ಮಾತಾಡುವೆನೆಂದು ದಿನ, ಹೊತ್ತು ಬರೆದಿತ್ತು. ಅಕ್ಷರ ಯಾರದಾದರೂ ಆಗಲಿ, ದನಿಯನ್ನು ಬೇರೆಯವರು ತರಲಾರರಲ್ಲ!

ಅಣ್ಣನನ್ನು ಕಾಕಾನ ಕೈಗೆ ಒಪ್ಪಿಸಲು ನಾನು ತಯಾರಿರಲಿಲ್ಲ. ಅವನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಇವರು ಅವನನ್ನು ಇಳಿಸಿದರೆ? ಹುಕ್ಕೇರಿಯಲ್ಲಿ ಅವ್ವನ ದೂರದ ಸಂಬಂಧಿ, ನಮ್ಮ ಮಾಮಾ, ಹೊಸ ರೇಡಿಯೋ ತರಿಸಿದ್ದರು. ಅದು ದನಿಯನ್ನು ತಾನೇ ಏರಿಸಿ ಇಳಿಸುತ್ತದಂತೆ. "ಅಲ್ಲಿಗೇ ಹೋಗೋಣ," ಎಂದು ಕಾಕಾನಿಗೆ ಕೇಳುವ ಹಾಗೆಯೇ ಹೇಳಿದೆ. ಆ ದಿನ ನಾನೂ ಅವ್ವನೂ ಗೋಕಾಕದಲ್ಲಿ ಇಳಿದು, ಇದ್ದಿಲಿನ ಹೊಗೆ ಉಗುಳುವ ಹುಕ್ಕೇರಿ ಬಸ್ಸು ಹತ್ತಿದರೆ, ಮುಂದಿನ ಸೀಟಿನಲ್ಲಿ ಕಾಕಾ!

"ನೀವ್ಯಾಕ ಬಂದ್ರಿ?"

"ಹುಕ್ಕೇರ್ಯಾಗ ನಂದ ಬ್ಯಾರೆ ಕೆಲಸ ಐತಿ," ಎಂದು ಕಿಟಕಿಯ ಕಡೆ ತಿರುಗಿದರು.

ಆ ಕೆಲಸವೂ ಮಾಮಾನ ಮನೆಯಲ್ಲೇ ಇತ್ತೆನ್ನಿ! ಮಾಮಾ ನಮ್ಮನ್ನು ಕೂರಿಸಿ ಭಾಷಣ ಮಾಡಿದರು. "ಇದಕ್ಕ ಕೈ ಹಚ್ಚೋದಾ ಬ್ಯಾಡ. ದನಿ ಸಣ್ಣದಾತಂದ್ರ ತಾನಾ ಏರಸತೈತಿ." ನಾನು ಕಾಕಾನ ಮುಖ ನೋಡಿ ನಕ್ಕೆ. ಮೊದಲ ಇಬ್ಬರು ಸಿಪಾಯಿಗಳು ಗಂಟೆಯ ಹಾಗೆ ಸ್ಪಷ್ಟ. ಆಮೇಲೆ ಅಣ್ಣನ ಹೆಸರು ಬಂತು. ಅವ್ವ ಮುಂದಕ್ಕೆ ಸರಿದಳು. ಸರಿಯಾಗಿ ಅದೇ ಹೊತ್ತಿಗೆ ಸ್ಟೇಷನ್ನು ಮಸುಕಾಯಿತು, ಜಾಣ ಪೆಟ್ಟಿಗೆ ತನ್ನ ಕೆಲಸ ಶುರು ಮಾಡಿತು. ದನಿ ಸಣ್ಣದಾಯಿತೆಂದು ಎಲ್ಲವನ್ನೂ ಏರಿಸಿತು. ಬಂದದ್ದು ಅಣ್ಣನಲ್ಲ, ಬರೀ ಖರಖರ. ಮಳೆಗಾಲದ ಗೋಕಾಕದ ಧಬಧಬೆಯ ನೀರೇ ಒಳಗೆ ನುಗ್ಗಿದ ಹಾಗಾಯಿತು. ಅವ್ವ ಕಿವಿ ಮುಚ್ಚಿಕೊಂಡು, "ನನ್ನ ಮಗ ಎಲ್ಲೋ?" ಎಂದು ಅತ್ತಳು. ಆ ಪೆಟ್ಟಿಗೆಯನ್ನು ಎತ್ತಿ ಅಂಗಳಕ್ಕೆ ಒಗೆಯುವಷ್ಟು ಸಿಟ್ಟು ಬಂತು ನನಗೆ. ಅವ್ವನನ್ನು ಅಲ್ಲಿಗೆ ಎಳೆತಂದ ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಕಾಕಾ ಎದ್ದರು.

"ಕೈ ಹಚ್ಚಬ್ಯಾಡ್ರಿ, ಕೆಡತೈತಿ," ಎಂದರು ಮಾಮಾ.

ಕಾಕಾ ಅವರನ್ನು ಮೊಣಕೈಯಿಂದ ಸರಿಸಿ ಗುಂಡಿ ಹಿಡಿದರು. ಗದ್ದಲ ಇಳಿಯಿತು. ಅವರು ಪೆಟ್ಟಿಗೆಗೆ ಕಿವಿ ತಗುಲಿಸಿ ಕಣ್ಣು ಮುಚ್ಚಿದರು. ಕೈ ಏರಿತು. "...ಅವ್ವಾ, ನಾ ಆರಾಮ ಅದೇನಿ..." ಇಳಿಯಿತು. ಏರಿತು. "...ಕೈ ನೋಯತೈತಿ, ನನ್ನ ಗೆಳ್ಯಾ ಕಾಗದ ಬರೀತಾನ..." ಇಳಿಯಿತು. ಏರಿತು. "...ಬಿಳಿ ಆಕಳ ಈದತೇನು?"

"ಈದತೋ ಯಪ್ಪಾ, ಹೋರಿಗರ ಹಾಕೇತಿ," ಎಂದು ಅವ್ವ ರೇಡಿಯೋಕ್ಕೆ ಹೇಳಿದಳು.

ಅಣ್ಣನ ಸರದಿ ಮುಗಿಯಿತು. ಅವ್ವ ಅಳುತ್ತ ನಗುತ್ತ ಎದ್ದಳು, ಎಲ್ಲರೂ ಎದ್ದೆವು. ರೇಡಿಯೋದಲ್ಲಿ ಇನ್ನೊಬ್ಬ ಹುಡುಗ ಶುರು ಮಾಡಿದ್ದ. ಯಾವ ಸೀಮೆಯವನೋ, ಅವನ ಭಾಷೆಯ ಒಂದಕ್ಷರವೂ ನಮಗೆ ತಿಳಿಯದು. ದನಿ ಮಾತ್ರ ಅಣ್ಣನದಕ್ಕಿಂತ ಸಣ್ಣದು. ಕಾಕಾ ಗುಂಡಿ ಬಿಡಲಿಲ್ಲ.

"ಮುಗೀತಲ್ರಿ ಕಾಕಾ. ನಡೀರಿ, ಬಸ್ಸ ಹೋಗತೈತಿ."

"ತಡಿಯೋ. ಇವನ ಅವ್ವನೂ ಎಲ್ಲೋ ಕುಂತಿರತಾಳ."

ಇವರು ಹುಕ್ಕೇರಿಯಲ್ಲಿ ಏರಿಸಿದರೆ ಆಕೆಗೆ ಅವಳ ಊರಿನಲ್ಲಿ ಕೇಳುವುದೇ? ಇಪ್ಪತ್ತು ವರ್ಷ ಯಂತ್ರಗಳ ನಡುವೆ ಇದ್ದ ಮನುಷ್ಯನಿಗೆ ಇಷ್ಟೂ ತಿಳಿಯಬಾರದೇ? ಬೈಯಲೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಮತ್ತೆ ನೆಲಕ್ಕೆ ಕೂತು, ಸೆರಗಿನಿಂದ ಕಣ್ಣೊರಸಿಕೊಂಡು, "ಇನ್ನಷ್ಟ ಏರಸ್ರಿ," ಎಂದಳು.

ಬಸ್ಸು ತಪ್ಪಿತು. ಆ ಹುಡುಗ ಮುಗಿಸುವವರೆಗೂ ನಾನು ಅವ್ವನ ಪಕ್ಕದಲ್ಲಿ ಕೂತು ಕೇಳಿದೆ.