ಆಂಜಿಯೋಗ್ರಾಂ ಮತ್ತು ಕಾಕಾನ ಕಿಟಕಿ

ನಾನು ಸುಮ್ಮನೆ ಕೂತರೂ ನನ್ನ ಸುತ್ತ ಏನಾದರೊಂದು ಗೊಂದಲ ನಡೆಯುತ್ತಲೇ ಇರುತ್ತದೆ. ಸಾಮಾನ್ಯವಾಗಿ ಎದ್ದು ಬೇರೆ ಕಡೆ ಹೋಗಿ ಕೂರುತ್ತೇನೆ. ಈ ಸಲ ಎದೆಯ ಒಳಗೇ ನಡೆದದ್ದರಿಂದ ಎಲ್ಲಿಗೂ ಹೋಗಲಾಗಲಿಲ್ಲ.

ಮನೆ ಸೇಡಂನಲ್ಲಿ, ನೌಕರಿ ಶಹಾಬಾದಿನ ಒಂದು ಕಾಲೇಜಿನಲ್ಲಿ. ಕಲಿಸುವುದು ಸಂಖ್ಯಾಶಾಸ್ತ್ರ. ದಿನಾ ಮುಂಜಾನೆ ಸೇಡಂನಲ್ಲಿ ರೈಲು ಹತ್ತಿ, ಚಿತ್ತಾಪುರ ದಾಟಿ, ವಾಡಿಯಲ್ಲಿ ಇಳಿದು, ಮೇಲ್ಸೇತುವೆ ಹತ್ತಿ ಆಚೆ ಪ್ಲಾಟ್‌ಫಾರ್ಮಿಗೆ ಹೋಗಿ ಶಹಾಬಾದಿನ ಗಾಡಿ ಹಿಡಿಯಬೇಕು. ವಯಸ್ಸು ಐವತ್ತು ದಾಟಿದೆ. ದೇವರಲ್ಲಿ ನಂಬಿಕೆ ಇಲ್ಲ, ಡಾಕ್ಟರಲ್ಲಿ ಸ್ವಲ್ಪ ಇದೆ, ರೈಲಿನ ಸಮಯದಲ್ಲಿ ಮೊದಲಿನಿಂದಲೂ ಇಲ್ಲ.

ಗ್ಯಾಸ್

ಒಂದು ಮುಂಜಾನೆ ವಾಡಿಯ ಮೇಲ್ಸೇತುವೆಯ ಅರ್ಧಕ್ಕೆ ಬಂದಾಗ ಎದೆಯ ಮೇಲೆ ಯಾರೋ ನೆಲಕ್ಕೆ ಹಾಸುವ ಫರಸಿ ಕಲ್ಲು ಇಟ್ಟ ಹಾಗಾಯಿತು. ಕಂಬಿ ಹಿಡಿದು ನಿಂತೆ. ಹಿಂದೆ ನನ್ನ ಜೊತೆ ದಿನಾ ಓಡಾಡುವ ಇಬ್ಬರಿದ್ದರು. ಒಬ್ಬರು ಶಹಾಬಾದಿನ ಶಾಲೆಯ ಮಾಸ್ತರರು. ಇನ್ನೊಬ್ಬರು ಅಲ್ಲಿಯದೇ ಒಂದು ಆಫೀಸಿನ ಹಿರಿಯ ಗುಮಾಸ್ತರು. ರೈಲಿನಲ್ಲಿ ಅವರನ್ನು ಎಲ್ಲರೂ ಕಾಕಾ ಅನ್ನುತ್ತಾರೆ.

"ಏನಾತ್ರಿ ಸರ್?" ಎಂದರು ಮಾಸ್ತರರು.

"ಎದಿ ಹಿಡದಂಗ ಆಗ್ಯಾದ."

"ಗ್ಯಾಸ್ ರಿ ಅದು."

"ಬೆವರು ಬರ್ಲಿಕತ್ತದ."

"ಗ್ಯಾಸ್ ಹೊರಗ ಬರ್ಲಿಕತ್ತದ."

"ಎಡಗೈ ಜೋಮು ಹಿಡದದ ಮಾಸ್ತರ."

ಮಾಸ್ತರರು ಮೆಚ್ಚುಗೆಯಿಂದ ನನ್ನ ಕೈ ನೋಡಿದರು. "ಅಲ್ಲೀ ತನಕ ಹೋಗ್ಯಾದೇನು?"

ಅಷ್ಟರಲ್ಲಿ ಸೇತುವೆಯ ಮೇಲಿದ್ದವರೆಲ್ಲ ವೈದ್ಯರಾದರು. ಒಬ್ಬರು ಗುಳಿಗೆ ಕೊಟ್ಟರು, ಒಬ್ಬರು ಅಜವಾನ ಕೊಟ್ಟರು, ಒಬ್ಬರು ಕೆಳಗಿನ ಅಂಗಡಿಯಿಂದ ಸೋಡಾ ತರಿಸಿದರು. ಕಾಕಾ ಮಾತ್ರ ನನ್ನ ಚೀಲ ತಮ್ಮ ಹೆಗಲಿಗೆ ಹಾಕಿಕೊಂಡರು. ನಾನು ಎಲ್ಲವನ್ನೂ ನುಂಗಿದೆ. ಸ್ವಲ್ಪ ಹೊತ್ತಿಗೆ ನೋವು ಇಳಿಯಿತು. ಮಾಸ್ತರರು ಗೆದ್ದರು.

ನಮ್ಮ ಕಡೆ ಎದೆ ನೋವಿಗೆ ಗ್ಯಾಸ್ ಬಿಟ್ಟು ಬೇರೆ ಕಾರಣವಿಲ್ಲ. ಸತ್ತವರಿಗೂ ಸಾಯುವ ತನಕ ಗ್ಯಾಸೇ ಆಗಿರುತ್ತದೆ.

ಒಳಗ ನೋಡಿಬಿಡೋಣ

ಹೆಂಡತಿಗೆ ಈ ಸಿದ್ಧಾಂತ ಒಪ್ಪಿಗೆಯಾಗಲಿಲ್ಲ. ರಜೆ ಹಾಕಿಸಿ ಕಲಬುರಗಿಗೆ ಕರೆದುಕೊಂಡು ಹೋದಳು. ಅಲ್ಲಿ ಎದೆಯ ತುಂಬ ವಯರು ಅಂಟಿಸಿ, ಓಡುವ ಪಟ್ಟಿಯ ಮೇಲೆ ನಿಲ್ಲಿಸಿದರು. ಪಟ್ಟಿ ಓಡಿಸುವ ಹುಡುಗಿ ಕೇಳಿದಳು:

"ದಿನಾ ವಾಕಿಂಗ್ ಮಾಡ್ತೀರೇನ್ರಿ ಅಂಕಲ್?"

"ಇಲ್ಲಮ್ಮ. ಗಾಡಿ ಬಿಟ್ಟಾಗ ಓಡ್ತೀನಿ."

"ಹಂಗಾದ್ರ ಗಾಡಿ ಬಿಟ್ಟದ ಅಂತ ತಿಳ್ಕೊರಿ."

ಪಟ್ಟಿಯ ವೇಗ ಏರಿಸಿದಳು. ಓಡಿದೆ. ವಾಡಿಯಿಂದ ಅಷ್ಟು ಓಡಿದ್ದರೆ ರಾಯಚೂರು ಮುಟ್ಟುತ್ತಿದ್ದೆ. ಇಲ್ಲಿ ಗೋಡೆಯ ಮೇಲಿನ ಕ್ಯಾಲೆಂಡರ್ ಕೂಡ ಹತ್ತಿರ ಬರಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನವರು. ಕಾಗದದ ಮೇಲಿನ ಗೆರೆಗಳನ್ನು ನೋಡಿ, "ಸ್ವಲ್ಪ ಡೌಟ್ ಅದ ಸರ್. ಆಂಜಿಯೋಗ್ರಾಂ ಮಾಡಿ ಒಮ್ಮೆ ಒಳಗ ನೋಡಿಬಿಡೋಣ" ಎಂದರು, ಬಾಡಿಗೆ ಮನೆ ನೋಡುವವರ ಧಾಟಿಯಲ್ಲಿ. ಕೈಯ ರಕ್ತನಾಳದೊಳಗೆ ಸಣ್ಣ ನಳಿಗೆ ತೂರಿಸಿ, ಅದನ್ನು ಹೃದಯದ ತನಕ ಕಳಿಸಿ, ಔಷಧ ಬಿಟ್ಟು ಚಿತ್ರ ತೆಗೆಯುತ್ತಾರಂತೆ. ನಾಳ ಎಲ್ಲಾದರೂ ಕಟ್ಟಿಕೊಂಡಿದ್ದರೆ ಗೊತ್ತಾಗುತ್ತದಂತೆ.

"ಕಟ್ಟಿಕೊಂಡಿರೋ ಸಾಧ್ಯತಿ ಎಷ್ಟ್ರಿ?" ಎಂದು ಕೇಳಿದೆ. ಅದು ನನ್ನ ವಿಷಯ.

"ಫಿಫ್ಟಿ ಫಿಫ್ಟಿ ಸರ್. ಇದ್ರ ಅದ, ಇಲ್ಲಂದ್ರ ಇಲ್ಲ."

ಇದೇ ಉತ್ತರ ಬರೆದ ಹುಡುಗರನ್ನು ನಾನು ವರ್ಷಗಟ್ಟಲೆ ಫೇಲ್ ಮಾಡಿದ್ದೇನೆ. ಈಗ ತೆಪ್ಪಗೆ ತಲೆ ಅಲ್ಲಾಡಿಸಿ ಮುಂದಿನ ವಾರಕ್ಕೆ ದಿನ ಗೊತ್ತು ಮಾಡಿಕೊಂಡು ಬಂದೆ.

ಗಾಳಿ ಆಡ್ಲಿ

ನಮ್ಮ ರೈಲಿನ ಡಬ್ಬಿಯಲ್ಲಿ ಬಿಸಿಲು ಬೀಳದ ಬದಿಗೆ ಕಿಟಕಿ ಪಕ್ಕ ಒಂದು ಸೀಟಿದೆ. ಗಾಡಿ ಸರ್ಕಾರದ್ದು, ಸೀಟು ಕಾಕಾನದು. ಅವರು ಟವೆಲ್ ಹಾಸಿ ಕೂತರೆ ವಾಡಿಯ ತನಕ ಏಳುವುದಿಲ್ಲ. ಬಸುರಿ ಹೆಂಗಸರು ಬಂದರೆ ಕೂಡಲೇ ಮಾಸ್ತರರನ್ನು ಎಬ್ಬಿಸಿ ಜಾಗ ಕೊಡಿಸುತ್ತಾರೆ. ಒಮ್ಮೆ ಅವರ ಸ್ವಂತ ಬೀಗರೇ ಡಬ್ಬಿ ಹತ್ತಿದರು. ಕಾಕಾ ಬೀಗರನ್ನು ಭಾರೀ ಪ್ರೀತಿಯಿಂದ ಮಾತನಾಡಿಸಿದರು. ಕೂತೇ ಮಾತನಾಡಿಸಿದರು. ಬೀಗರು ವಾಡಿಯ ತನಕ ನಿಂತೇ ಉತ್ತರ ಕೊಟ್ಟರು.

ಆ ಸೀಟಿನ ಮೇಲೆ ನನಗೂ ಆಸೆ ಇತ್ತು. ಕಾಕಾ ರಿಟೈರ್ ಆದ ಮೇಲೆ ಅದು ಯಾರಿಗೆ ಎಂಬ ಮಾತು ಆಗಾಗ ಬರುತ್ತಿತ್ತು. "ಇನ್ನಾ ಟೈಮ್ ಅದ" ಎಂದು ಕಾಕಾ ಕಿಟಕಿಯಾಚೆ ನೋಡುತ್ತಿದ್ದರು.

ಕಲಬುರಗಿಯಿಂದ ಬಂದ ಮರುದಿನ ಸೇಡಂ ಸ್ಟೇಷನ್ನಿನಲ್ಲಿ ಆಂಜಿಯೋಗ್ರಾಂ ಸುದ್ದಿಯನ್ನು ಮಾಸ್ತರರಿಗೊಬ್ಬರಿಗೇ, ಯಾರಿಗೂ ಹೇಳಬೇಡಿ ಎಂದು ಹೇಳಿದೆ. ಗಾಡಿ ಬರುವುದರೊಳಗೆ ಪ್ಲಾಟ್‌ಫಾರ್ಮಿಗೆಲ್ಲ ಗೊತ್ತಾಗಿತ್ತು. ಡಬ್ಬಿ ಹತ್ತಿದೆವು. ಕಾಕಾ ಎಂದಿನಂತೆ ಟವೆಲ್ ಹಾಸಿದರು. ನನ್ನ ಮುಖ ನೋಡಿದರು. ಪಕ್ಕಕ್ಕೆ ಸರಿದು ನಿಂತರು.

"ಕುಂದ್ರಿ ಸರ್."

"ಇರ್ಲಿ ಬಿಡ್ರಿ ಕಾಕಾ."

"ಕುಂದ್ರಿ ಅಂದೆನಲ್ಲ. ಗಾಳಿ ಆಡ್ಲಿ."

ಇಡೀ ಡಬ್ಬಿ ನಮ್ಮ ಕಡೆ ತಿರುಗಿತು. ಕೂತೆ. ಟವೆಲ್ಲನ್ನೂ ನನಗೇ ಬಿಟ್ಟಿದ್ದರು. ಕಿಟಕಿಯಾಚೆ ತೊಗರಿ ಹೊಲ, ಕಲ್ಲಿನ ಖಣಿ, ಸಿಮೆಂಟಿನ ಚಿಮಣಿ. ಇಷ್ಟು ವರ್ಷ ಇದಕ್ಕಾಗಿ ಆಸೆಪಟ್ಟಿದ್ದೆನೇ ಅನ್ನಿಸಿತು. ಡಾಕ್ಟರ ಡೌಟಿಗೆ ನಾನು ಅಷ್ಟು ಹೆದರಿರಲಿಲ್ಲ. ಅವರಿಗೆ ನಾನು ಹೊಸಬ. ಆದರೆ ಬೀಗರಿಗೆ ಏಳದ ಮನುಷ್ಯ ನನಗೆ ಎದ್ದಿದ್ದರು. ಮಣಿಕಟ್ಟು ಹಿಡಿದು ನಾಡಿ ನೋಡಿಕೊಂಡೆ.

ಮಾಸ್ತರರು ಸಮಾಧಾನ ಹೇಳಲು ಬಗ್ಗಿದರು. "ಹೆದರಬ್ಯಾಡ್ರಿ ಸರ್. ಕಾಕಾ ಹಿಂದೊಮ್ಮೆ ಒಬ್ಬರಿಗೆ ಹಿಂಗೇ ಸೀಟ್ ಬಿಟ್ಟಿದ್ರು."

"ಅವ್ರು ಈಗ ಹೆಂಗಿದ್ದಾರ?"

ಮಾಸ್ತರರು ಕಿಟಕಿಯ ಶಟರ್ ಇನ್ನಷ್ಟು ಮೇಲಕ್ಕೆ ಸರಿಸಿ, "ಗಾಳಿ ಭಾಳ ಛಲೋ ಬರ್ತದ ನೋಡ್ರಿ ಇಲ್ಲಿ" ಎಂದರು.

ಮಂದಿ ಏನಂತಾರ

ಹೆಂಡತಿಯ ತಮ್ಮನಿಗೆ ಚಿಂಚೋಳಿಯಲ್ಲಿ ಕಿರಾಣಿ ಅಂಗಡಿ. ಸುದ್ದಿ ತಿಳಿದು ಅಂಗಡಿ ಮುಚ್ಚಿ ಬಂದ.

"ಮಾಮಾ, ಕಲಬುರಗಿ ಬ್ಯಾಡ. ಹೈದರಾಬಾದಿಗೆ ನಡೀರಿ."

"ಯಾಕ? ಎರಡೂ ಕಡಿ ಅದೇ ಮಷೀನ್ ಅದ."

"ಮಷೀನಿನ ಮಾತಲ್ಲ ಮಾಮಾ. ನಾಳಿ ಏನರ ಹೆಚ್ಚುಕಮ್ಮಿ ಆಯ್ತಂದ್ರ, ಹೈದರಾಬಾದಿಗೆ ಒಯ್ದಿದ್ರು ಅಂತ ಮಂದಿ ಸುಮ್ಮ ಇರ್ತಾರ. ಕಲಬುರಗಿಯೊಳಗ ಆಯ್ತಂದ್ರ ಮಣ್ಣಿಗೆ ಬಂದವ್ರೆಲ್ಲ ನನಗ ಕೇಳ್ತಾರ."

ಹೆಂಡತಿ ಚಹಾದ ಕಪ್ಪು ಅವನ ಮುಂದೆ ಕುಕ್ಕಿದಳು. "ಏ ತಮ್ಮಾ, ಮಣ್ಣು ಬಿಟ್ಟು ಬ್ಯಾರೆ ಏನರ ಪ್ಲಾನ್ ಇದ್ರ ಹೇಳು."

ಅವನು ಚಹಾ ಕುಡಿದು ಹೋದ.

ಅತ್ತಿಯ ತರ್ಕ

ಅವನ ಹಿಂದೆಯೇ ಕೊಡ್ಲಿಯಿಂದ ನನ್ನ ಸೋದರತ್ತೆ ಬಂದರು. ಎರಡು ಬಸ್ಸು ಬದಲಿಸಿ, ಮೊಣಕಾಲು ಹಿಡಿದುಕೊಂಡು ಬಂದವರು ಚಪ್ಪಲಿ ಬಿಡುವ ಮೊದಲೇ ವಿಭೂತಿ ತೆಗೆದರು.

"ಅತ್ತಿ, ನನಗ ನಂಬಿಕಿ ಇಲ್ಲ. ನಿನಗ ಗೊತ್ತದಲ್ಲ."

"ನಿನ್ನ ನಂಬಿಕಿ ಯಾರು ಕೇಳ್ಯಾರ? ನಂಬಿಕಿ ನಂದದ. ನಿಂದು ಹಣಿ ಅಷ್ಟ ಬೇಕು."

ಹಣೆ ಕೊಟ್ಟೆ. ಮೂರು ಬೆರಳು ಎಳೆದು, ಕೂತು, ನೀರು ಕುಡಿದು ಮುಂದಿನದನ್ನು ಹೇಳಿದರು. "ಏನೂ ಆಗಬಾರದಂತ ಹರಕಿ ಹೊತ್ತೀನಿ. ವಾಡಿಯಿಂದ ನಾಲವಾರದ ಮಠಕ್ಕ ನಡಕೋತ ಬರ್ತಾನ ಅಂದೀನಿ."

"ಯಾರು ಬರ್ತಾರ?"

"ನೀನೇ."

"ಅತ್ತಿ, ಎದಿಯಾಗ ಬ್ಲಾಕ್ ಇದ್ರ ನಾ ಅಷ್ಟು ದೂರ ಹೆಂಗ ನಡೀಲಿ?"

"ಬ್ಲಾಕ್ ಇದ್ರ ಯಾಕ ನಡೀತಿ? ಇಲ್ಲಂದ್ರಷ್ಟ ನಡೀತಿ."

ವಾದದಲ್ಲಿ ತಪ್ಪು ಹುಡುಕಿದೆ. ನಮ್ಮ ವಿಭಾಗದ ಯಾರಿಗೂ ಸಿಗುತ್ತಿರಲಿಲ್ಲ.

ಆಂಜಿಯೋಗ್ರಾಂ ದಿನ ಬೆಳಿಗ್ಗೆ ಅತ್ತೆ ಮತ್ತೆ ವಿಭೂತಿ ಹಚ್ಚಿದರು. ಆಸ್ಪತ್ರೆಯ ಬಾಗಿಲಲ್ಲಿ ಒರೆಸಿಕೊಳ್ಳಬೇಕೆಂದಿದ್ದೆ. ಕೈ ಹಣೆಯ ತನಕ ಹೋಗಿ, ಕೂದಲು ಸರಿಮಾಡಿಕೊಂಡು ವಾಪಸ್ ಬಂತು.

ಹ್ಮ್

ಆಸ್ಪತ್ರೆಯಲ್ಲಿ ಒಬ್ಬ ಹಿರಿಯ ವಾರ್ಡ್‌ಬಾಯ್ ಬ್ಲೇಡು ಹಿಡಿದು ಬಂದ. ಮೊದಲು ಮಣಿಕಟ್ಟು ಬೋಳಿಸಿದ. ಆಮೇಲೆ ತೊಡೆಯ ಸಂದಿಗೆ ಬಂದ.

"ಕೈಯಾಗಿಂದ ಹೋಗ್ತಾರಂತ ಹೇಳ್ಯಾರಲ್ಲಪ್ಪ. ಇಲ್ಲೇನು ಕೆಲಸ ನಿಂದು?"

"ಕೈಯಾಗಿನ ರಸ್ತಾ ಸಿಗಲಿಲ್ಲಂದ್ರ ಇಲ್ಲಿಂದ ಹೋಗ್ತಾರ ಸಾಬ್. ಊರು ಯಾವುದು ನಿಮ್ದು?"

"ಸೇಡಂ."

"ವಾಡಿ ಮ್ಯಾಲ ಗಾಡಿ ಇಲ್ಲಂದ್ರ ಮಳಖೇಡ ಮ್ಯಾಲ ಬಸ್ಸಿಗೆ ಬರಂಗಿಲ್ಲೇನು? ಹಂಗ. ಕಾಲು ಅಗಲ ಮಾಡ್ರಿ."

ಮೇಜಿನ ಮೇಲೆ ಮಲಗಿಸಿದರು. ಎಚ್ಚರವಾಗಿಯೇ ಇದ್ದೆ. ಡಾಕ್ಟರು ಪರದೆ ನೋಡುತ್ತ, ಪಕ್ಕದವರ ಜೊತೆ ಮಧ್ಯಾಹ್ನದ ಊಟಕ್ಕೆ ಏನು ತರಿಸುವುದೆಂದು ಮಾತಾಡುತ್ತಿದ್ದರು. ಹೊರಗೆ ಬೆಂಚಿನ ಮೇಲೆ ಹೆಂಡತಿ ನನ್ನ ಗಡಿಯಾರ, ಚಷ್ಮಾ, ಉಂಗುರ ಎಲ್ಲವನ್ನೂ ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು ಕೂತಿದ್ದಳು. ಆ ಗಂಟಿನೊಳಗಿನ ಸಾಮಾನನ್ನು ಮನಸ್ಸಿನಲ್ಲೇ ಎರಡು ಸಲ ಎಣಿಸಿದೆ.

ಅಷ್ಟರಲ್ಲಿ ಡಾಕ್ಟರು "ಹ್ಮ್" ಅಂದರು.

"ಏನ್ ಕಾಣ್ತದ್ರಿ?"

"ಸುಮ್ಮ ಮಲ್ಕೊರಿ ಸರ್."

ಮತ್ತೆ "ಹ್ಮ್". ಈ ಸಲ ಉದ್ದವಾಗಿತ್ತು. ನಾನು ಕಾಕಾನ ಟವೆಲ್ ನೆನೆದೆ.

"ಏನರ ಹೇಳ್ರಿ ಡಾಕ್ಟ್ರ."

"ಅಲ್ಲ ಸರ್, ದಿನಾ ಬಿರಿಯಾನಿ ತಿಂದು ಬೇಜಾರಾಗ್ಯಾದ. ಇವತ್ತು ರೊಟ್ಟಿ ತರಿಸೋಣಂತ ವಿಚಾರ ಮಾಡ್ಲಿಕತ್ತಿದ್ದೆ. ನಿಮ್ದು ಮುಗೀತು. ಎಲ್ಲಾ ಕ್ಲೀನ್ ಅದ. ಬ್ಲಾಕ್ ಇಲ್ಲ."

ಸ್ವಲ್ಪ ಹೊತ್ತು ಸೀಲಿಂಗ್ ನೋಡಿದೆ. ಒಳ್ಳೆಯ ಸೀಲಿಂಗ್. ಆಮೇಲೆ ಕೇಳಿದೆ: "ಹಂಗಾದ್ರ ಅವತ್ತು ವಾಡ್ಯಾಗ ಎದಿ ಹಿಡದದ್ದು ಏನು?"

ಡಾಕ್ಟರು ಮಾಸ್ಕ್ ಕೆಳಗೆ ಸರಿಸಿದರು. "ಗ್ಯಾಸ್ ಇರ್ಬಹುದು."

ಹೊರಗೆ ಹೆಂಡತಿ ಸುದ್ದಿ ಕೇಳಿ ಸೆರಗಿನ ಗಂಟು ಬಿಚ್ಚಲು ಹೋದಳು. ಬಹಳ ಬಿಗಿಯಾಗಿ ಕಟ್ಟಿದ್ದಳು, ಕೈಗೆ ಬರಲಿಲ್ಲ, ಹಲ್ಲಿನಿಂದ ಬಿಚ್ಚಿದಳು. ಗಡಿಯಾರವನ್ನು ಬ್ಯಾಂಡೇಜಿಲ್ಲದ ಕೈಗೆ ಕಟ್ಟಿ, "ಫುಕಟ್ ಹೆದರಿಸಿದ್ರಿ" ಎಂದಳು.

ಕ್ಲೀನ್ ಅದ

ಒಳ್ಳೆಯ ಸುದ್ದಿ ಎಲ್ಲರಿಗೂ ಒಂದೇ ಥರ ಹಿಡಿಸುವುದಿಲ್ಲ. "ಏನೂ ಕಾಣ್ಸಲಿಲ್ಲಂದ್ರ ಮಷೀನೇ ಸರಿ ಇಲ್ಲ ಮಾಮಾ, ಈಗಾದ್ರೂ ಹೈದರಾಬಾದಿಗೆ ನಡೀರಿ" ಎಂದ ಹೆಂಡತಿಯ ತಮ್ಮ. ಅತ್ತೆ ಫೋನಿನಲ್ಲಿ ನೇರವಾಗಿ ವಿಷಯಕ್ಕೆ ಬಂದರು: "ನಾಲವಾರಕ್ಕ ಯಾವಾಗ ನಡೀತಿ?" ವಾಡಿಯಿಂದ ಅಲ್ಲಿಗೆ ರೈಲಿದೆ ಎಂದೆ. "ಕುಂತು ಬರ್ತಾನಂತ ನಾ ಬೇಡ್ಕೊಂಡಿಲ್ಲ" ಎಂದರು. ನಾಲವಾರ ಸ್ಟೇಷನ್ನಿನಿಂದ ಮಠದ ತನಕ ನಡೆಯುತ್ತೇನೆ ಎಂದಿದ್ದೇನೆ. ಚೌಕಾಸಿ ಇನ್ನೂ ನಡೆದಿದೆ.

ರಜೆ ಮುಗಿಸಿ ಮತ್ತೆ ರೈಲು ಹತ್ತಿದ ದಿನ ಡಬ್ಬಿ ಗಿಜಿಗುಟ್ಟುತ್ತಿತ್ತು. ಆದರೂ ಕಿಟಕಿ ಪಕ್ಕದ ಸೀಟು ಖಾಲಿ ಇತ್ತು. ಟವೆಲ್ ಹಾಸಿತ್ತು. ಕಾಕಾ ಅದರ ಮುಂದೆ ಅಡ್ಡ ನಿಂತು, ಕೂರಲು ಬಂದ ಒಬ್ಬರಿಗೆ "ಪೇಷಂಟ್ ಸೀಟ್ ಅದ್ರಿ ಇದು" ಎಂದು ಹೇಳುತ್ತಿದ್ದರು. ನನ್ನನ್ನು ಕಂಡು ಸರಿದರು. ಕೂತೆ.

ಯಾರೂ ಏನೂ ಕೇಳಲಿಲ್ಲ. ಎಲ್ಲರೂ ಮಣಿಕಟ್ಟಿನ ಪಟ್ಟಿ ನೋಡಿದರು, ಮತ್ತೆ ಬೇರೆ ಕಡೆ ನೋಡಿದರು. ಗಾಡಿ ಬಿಟ್ಟಿತು. ಗಾಳಿ ನಿಜವಾಗಿ ಚೆನ್ನಾಗಿ ಬರುತ್ತಿತ್ತು. ಯಾರೂ ಕೇಳದಿದ್ದ ಮೇಲೆ ನಾನಾಗಿ ಹೇಳುವುದು ಸಭ್ಯತೆಯಲ್ಲ ಎಂದು ಚಿತ್ತಾಪುರದ ತನಕ ಅಂದುಕೊಂಡೆ. ಆದರೆ ಕಾಕಾ ಕಂಬಿ ಹಿಡಿದು ಜೋಲಿ ಹೊಡೆಯುತ್ತ ನಿಂತಿದ್ದರು, ನನ್ನ ಚೀಲ ಮತ್ತೆ ಅವರ ಹೆಗಲ ಮೇಲಿತ್ತು. ತಡೆಯಲಾಗಲಿಲ್ಲ.

"ಕಾಕಾ."

"ಹೇಳ್ರಿ ಸರ್." ಧ್ವನಿ ತೀರಾ ಮೆತ್ತಗಿತ್ತು.

"ಎಲ್ಲಾ ಕ್ಲೀನ್ ಅದಂತ."

"ಖರೇನ?"

"ಖರೇ."

"ಬ್ಲಾಕ್?"

"ಒಂದೂ ಇಲ್ಲ."

"ಗುಳಿಗಿ?"

"ಗ್ಯಾಸಿಂದು ಅಷ್ಟ."

"ನಾ ಹೇಳಿದ್ದೆ ಇಲ್ಲ?" ಎಂದು ಮಾಸ್ತರರು ಇಡೀ ಡಬ್ಬಿಗೆ ಸಾರಿದರು.

ಕಾಕಾ ಚಷ್ಮಾ ತೆಗೆದು ಅಂಗಿಯ ಚುಂಗಿನಿಂದ ಒರೆಸಿ ಹಾಕಿಕೊಂಡರು. ಮತ್ತೆ ತೆಗೆದು ಮತ್ತೆ ಒರೆಸಿದರು. "ಭಾಳ ಛಲೋ ಆತು ಸರ್. ಮನ್ಯಾಗ ದಿನಾ ನಿಮ್ಮದೇ ಮಾತು" ಎಂದು ನನ್ನ ಭುಜ ಹಿಡಿದು ಗಟ್ಟಿಯಾಗಿ ಒತ್ತಿದರು. ಕೈ ಭುಜದ ಮೇಲೆಯೇ ಇತ್ತು. ಪ್ರೀತಿ ಎಂದುಕೊಂಡೆ. ಪ್ರೀತಿಯೇ ಆಗಿತ್ತು. ಆದರೆ ಕೈ ಮೆಲ್ಲಗೆ ನನ್ನನ್ನು ಮೇಲಕ್ಕೆ ಎತ್ತುತ್ತಿತ್ತು.

"ಹಂಗಾದ್ರ ಏಳ್ರಿ."

ಎದ್ದೆ. ಡಾಕ್ಟರು ರಿಪೋರ್ಟ್ ಕೈಗೆ ಕೊಟ್ಟಾಗಲೂ ಒಳಗೆ ಸ್ವಲ್ಪ ಅನುಮಾನ ಉಳಿದಿತ್ತು. ಈಗ ಅದೂ ಹೋಯಿತು.