ತೊಟ್ಟಿಲಲ್ಲಿ ಕೂಸು ಬಿಟ್ಟು ಬೇರೇನೂ ಇರಬಾರದು

ಹತ್ತಿಯ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹೇಳದಿದ್ದರೆ ನನ್ನ ಹೆಂಡತಿ ಗಿರಿಜಾ ಹೇಳುತ್ತಾಳೆ, ಅವಳು ಹೇಳಿದರೆ ಇನ್ನಷ್ಟು ಉದ್ದವಾಗುತ್ತದೆ. ರಾಯಚೂರಿನ ಒಂದು ಜಿನ್ನಿಂಗ್ ಮಿಲ್ಲಿಗೆ ಹತ್ತಿ ಖರೀದಿ ಮಾಡಿಕೊಡುವುದು ನನ್ನ ಉದ್ಯೋಗ. ಇವತ್ತು ಮಟಮಾರಿ, ನಾಳೆ ಮಾನ್ವಿ, ನಾಡಿದ್ದು ದೇವದುರ್ಗ ಎಂದು ಸುತ್ತಿ, ರೈತರ ಮನೆಯಲ್ಲಿ ಒಟ್ಟಿದ ಹತ್ತಿಯೊಳಗೆ ಮೊಳಕೈವರೆಗೆ ಕೈ ಹಾಕಿ, ಒಂದು ಚೂರು ಹಿರಿದು ಬೆರಳ ನಡುವೆ ಎಳೆದು, ಎಳೆ ಉದ್ದವೋ ಗಿಡ್ಡವೋ, ಒಳಗೆ ತೇವ ಇದೆಯೋ ಇಲ್ಲವೋ ಎಂದು ಹೇಳುತ್ತೇನೆ. ಇದನ್ನೇ ಮಾಡುತ್ತಾ ಬಂದವನ ಕೈಗೆ ಒಂದು ಚಟ ಅಂಟಿಕೊಳ್ಳುತ್ತದೆ. ಮದುವೆಮನೆಯಲ್ಲಿ ಪಕ್ಕದಲ್ಲಿ ಕೂತವರ ಶಲ್ಯದ ಅಂಚು ಹಿಡಿದು ನೋಡುತ್ತೇನೆ. ಬಸ್ಸಿನಲ್ಲಿ ಯಾರದೋ ಟವೆಲ್ಲು ಸವರಿ ಬೈಸಿಕೊಂಡಿದ್ದೇನೆ. ಮಗಳು ಪೂರ್ಣಿಮಾಳಿಗಾಗಿ ಮಸರಕಲ್ಲಿಗೆ ಹುಡುಗನನ್ನು ನೋಡಲು ಹೋದಾಗ ಅವನ ಓದು, ನೌಕರಿ, ನಡತೆ ಎಲ್ಲವನ್ನೂ ಗಿರಿಜಾಳೇ ವಿಚಾರಿಸಿದಳು. ನಾನು ಹುಡುಗನ ತೋಳು ಹಿಡಿದು, "ಅಂಗಿ ಬಟ್ಟಿ ಚಲೋ ಅದ" ಎಂದಷ್ಟೇ ಹೇಳಿದೆನಂತೆ. ಹುಡುಗ ದೇವದುರ್ಗದಲ್ಲಿ ಶಾಲೆಯ ಮಾಸ್ತರ. ಅಂಗಿಯಷ್ಟೇ ಒಳ್ಳೆಯವನೂ ಆಗಿದ್ದದ್ದು ನನ್ನ ಪುಣ್ಯ.

ಇಂಥವನ ಮನೆಗೆ ಮಗಳು ಚೊಚ್ಚಲ ಹೆರಿಗೆಗೆ ಬಂದಳು ಎಂದರೆ ನನ್ನ ಸಡಗರ ಹೇಗಿತ್ತೆಂದು ನೀವೇ ಊಹಿಸಿಕೊಳ್ಳಿ. ಬಸಿರಿಯ ಊಟ, ಔಷಧಿ, ಆಸ್ಪತ್ರೆಯ ಓಡಾಟ ಗಿರಿಜಾಳ ಪಾಲಿಗೆ ಬಂದವು. ಹುಟ್ಟಲಿರುವ ಕೂಸಿನ ಹಾಸಿಗೆಯ ಜವಾಬ್ದಾರಿಯನ್ನು ನಾನು ಯಾರೂ ಕೇಳದಿದ್ದರೂ ವಹಿಸಿಕೊಂಡೆ. ಆ ವರ್ಷ ನನ್ನ ಕೈಗೆ ಸಿಕ್ಕ ಹತ್ತಿಯಲ್ಲೆಲ್ಲ ಬೆಳ್ಳಗಿದ್ದದ್ದನ್ನು, ಕಸಕಡ್ಡಿ ಇಲ್ಲದ್ದನ್ನು ಮನೆಗೆ ತಂದು ಬೀಜ ಬಿಡಿಸಿದೆ. ಗಾದಿ ಹೊಲಿಯುವ ಮೌಲಾಸಾಬನನ್ನು ಕರೆಸಿ ಅಂಗಳದಲ್ಲಿ ಕೂರಿಸಿ, ನೊರೆಯ ಹಾಗೆ ಉಬ್ಬುವವರೆಗೆ ಹತ್ತಿಯನ್ನು ಹಿಂಜಿಸಿದೆ. ತೊಟ್ಟಿಲಿನಷ್ಟು ಉದ್ದದ ಒಂದು ಗಾದಿ, ಅದಕ್ಕೊಪ್ಪುವ ಪುಟ್ಟದೊಂದು ತಲೆದಿಂಬು, ಎರಡೂ ಪಕ್ಕಕ್ಕೆ ಎರಡು ಲೋಡು. ಎಲ್ಲವನ್ನೂ ತೊಟ್ಟಿಲಿನಲ್ಲಿ ಜೋಡಿಸಿದಾಗ ಯಾವುದೋ ಸಂಸ್ಥಾನದ ಗಾದಿಯ ಹಾಗೆ ಕಂಡಿತು. ಮನೆಗೆ ಬಂದವರಿಗೆಲ್ಲ ಅದರೊಳಗೆ ಕೈ ಒತ್ತಿ ನೋಡಲು ಹೇಳುತ್ತಿದ್ದೆ. ಹಾಲಿನವನೂ ಒತ್ತಿ ನೋಡಿ ಹೋಗಿದ್ದ.

ಹೆಣ್ಣು ಕೂಸು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಪೂರ್ಣಿಮಾ ಕೂಸನ್ನು ತಾಯಿಯ ಕೈಗೆ ಕೊಟ್ಟು, ಮೊದಲು ತೊಟ್ಟಿಲ ಹತ್ತಿರ ಬಂದು ಗಾದಿಯ ಮೇಲೆ ಅಂಗೈ ಇಟ್ಟಳು. ಕೈ ಮಣಿಕಟ್ಟಿನವರೆಗೆ ಒಳಗೆ ಹೋಯಿತು. ನಾನು ಹೊಗಳಿಕೆಗೆ ಸಿದ್ಧನಾಗಿ ನಿಂತಿದ್ದೆ.

"ಯಪ್ಪಾ, ಇದು ಬ್ಯಾಡ" ಎಂದಳು.

"ಯಾಕವ್ವಾ, ಇನ್ನೂ ಸ್ವಲ್ಪ ಮೆತ್ತಗ ಬೇಕಿತ್ತೇನು?"

"ಭಾಳ ಮೆತ್ತಗದ. ಕೂಸಿಗೆ ಗಟ್ಟಿ, ಸಪಾಟಿರೋ ಹಾಸಿಗಿ ಇರಬೇಕು ಅಂತ ದವಾಖಾನ್ಯಾಗ ಹೇಳ್ಯಾರ. ಅಂಗಾತ ಮಲಗಿಸಬೇಕು. ದಿಂಬು ಬ್ಯಾಡ, ಲೋಡು ಬ್ಯಾಡ, ಮ್ಯಾಲೆ ಕೌದಿ ಬ್ಯಾಡ. ಮಲಗಿದಾಗ ತೆಲಿಗೆ ಕುಲಾಯಿನೂ ಬ್ಯಾಡ. ತೊಟ್ಲಾಗ ಕೂಸು ಬಿಟ್ಟು ಬ್ಯಾರೆ ಏನೂ ಇರಬಾರ್ದು."

ಗಿರಿಜಾ ಕೂಸನ್ನು ಇನ್ನಷ್ಟು ಎದೆಗೊತ್ತಿಕೊಂಡು, "ನಿನ್ನ ಏನು ನಾವು ಕಲ್ಲಿನ ಮ್ಯಾಲೆ ಮಲಗಿಸಿ ಬೆಳೆಸಿದ್ವೇನು?" ಎಂದಳು. ಪೂರ್ಣಿಮಾ ಜಗಳವಾಡಲಿಲ್ಲ. "ಕೂಸಿಗೆ ಇನ್ನ ತೆಲಿ ಎತ್ತಾಕ ಬರಂಗಿಲ್ಲ ಯವ್ವಾ. ಮಾರಿ ಮೆತ್ತಗಿನ್ಯಾಗ ಹುಗದ್ರ ಉಸ್ರು ಕಟ್ತದ. ಅದಕ್ಕ ಅಳಾಕೂ ಆಗಂಗಿಲ್ಲ" ಎಂದಳು. ಹೆರಿಗೆಯಾಗಿ ಸುಸ್ತಾಗಿದ್ದ ಮಗಳ ದನಿ ಅಷ್ಟು ಮೆಲ್ಲಗಿದ್ದರೂ ಗಿರಿಜಾ ಕೂಸನ್ನು ಅವಳ ಕೈಗೆ ಕೊಟ್ಟು ಚಾಪೆ ತರಲು ಹೊರಟಳು. ಕೂಸನ್ನು ಆ ದಿನ ಮಂಚದ ಪಕ್ಕದಲ್ಲಿ ನೆಲದ ಮೇಲೆ ಚಾಪೆ ಹಾಸಿ, ಅದರ ಮೇಲೆ ಮಡಿಕೆ ಹಾಕಿ ಬಿಗಿಯಾಗಿ ಎಳೆದ ಜಮಖಾನೆಯ ಮೇಲೆ ಮಲಗಿಸಿದರು. ಸಂಸ್ಥಾನದ ಗಾದಿ ಖಾಲಿಯಾಗಿಯೇ ಉಳಿಯಿತು.

ನಾನು ಸಿಟ್ಟಾಗಲಿಲ್ಲ, ಆದರೆ ಮುಖ ಸಣ್ಣದಾಯಿತು. ಹಾಗೆಯೇ ಮಿಲ್ಲಿಗೆ ಹೋದೆ. ಮಧ್ಯಾಹ್ನ ಊಟಕ್ಕೆ ಬಂದಾಗ ಬಾಣಂತಿಯ ಕೋಣೆಯ ಬಾಗಿಲು ಮುಚ್ಚಿತ್ತು, ಗಿರಿಜಾ ಹಿತ್ತಲಲ್ಲಿ ಲಂಗೋಟಿ ಒಗೆಯುತ್ತಿದ್ದಳು. ಮಗಳು ಹೇಳಿದ್ದು ನಿಜವೇ ಎಂದು ನಾನೇ ನೋಡಿಬಿಡೋಣ ಅನ್ನಿಸಿತು. ಗಾದಿಯನ್ನು ತೊಟ್ಟಿಲಿನಿಂದ ಎತ್ತಿ ಪಡಸಾಲೆಯಲ್ಲಿ ನೆಲಕ್ಕೆ ಹಾಸಿದೆ. ಮಂಡಿಯೂರಿ, ಅದರ ಮೇಲೆ ಬೋರಲು ಬಿದ್ದು, ಮುಖವನ್ನು ಪೂರ್ತಿ ಒಳಗೆ ಇಟ್ಟೆ. ಹತ್ತಿ ಎರಡೂ ಕೆನ್ನೆಯ ಪಕ್ಕ ಎದ್ದು ಬಂತು. ಮೊದಲ ಉಸಿರು ಸರಿಯಾಗಿಯೇ ಇತ್ತು. ಆಮೇಲೆ ನಾನು ಬಿಟ್ಟ ಉಸಿರೇ ಬಿಸಿಯಾಗಿ ಮತ್ತೆ ನನ್ನ ಮೂಗಿಗೆ ಬರತೊಡಗಿತು. ಕುತ್ತಿಗೆ ಗಟ್ಟಿಯಿದ್ದ ನಾನು ತಲೆ ಎತ್ತಿದೆ. ಎತ್ತಲು ಬರದವರು ಏನು ಮಾಡುತ್ತಾರೆ ಎಂದು ಯೋಚಿಸಿದಾಗ ಆ ಬಿಸಿಲಿನಲ್ಲೂ ಮೈ ತಣ್ಣಗಾಯಿತು. ಅಷ್ಟರಲ್ಲಿ ಒದ್ದೆ ಕೈಯಲ್ಲಿ ಒಳಗೆ ಬಂದ ಗಿರಿಜಾ, ಕೂಸಿನ ಗಾದಿಯ ಮೇಲೆ ತಲೆಯಿಟ್ಟು ಮಿಕ್ಕ ದೇಹವನ್ನೆಲ್ಲ ನೆಲಕ್ಕೆ ಚಾಚಿದ ಗಂಡನನ್ನು ನೋಡಿ, "ರೀ, ಅಷ್ಟು ಆಸಿ ಇದ್ರ ನಿಮಗೂ ಒಂದು ಹೊಲಿಸ್ಕೋರಿ" ಎಂದಳು. ನಾನು ಎದ್ದು ಬಟ್ಟೆ ಜಾಡಿಸಿಕೊಂಡು, "ಹುಡುಗಿ ಹೇಳಿದ್ದು ಖರೇ ಅದ" ಎಂದೆ. ನನ್ನ ಮುಖ ನೋಡಿ ಅವಳು ಮತ್ತೆ ತಮಾಷೆ ಮಾಡಲಿಲ್ಲ.

ಗಟ್ಟಿ ಗಾದಿ ಕೊಳ್ಳುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಅಂಗಡಿಯವನು ಒಂದೊಂದಾಗಿ ಮೆತ್ತನೆಯವನ್ನು ತೆಗೆದು ತೋರಿಸುತ್ತಾ ಹೋದ. ನಾನು ಒಂದೊಂದನ್ನೂ ಒತ್ತಿ, "ಇನ್ನೂ ಗಟ್ಟಿ" ಎನ್ನುತ್ತಾ ಹೋದೆ. ಕಡೆಗೆ ಅವನು, "ಯಾರಿಗ್ರಿ ಸಾಹೇಬ್ರ, ಬೆನ್ನು ನೋವಿದ್ದೋರಿಗೇನು?" ಎಂದು ಕೇಳಿದ. ಹೊಸದಾಗಿ ಹುಟ್ಟಿದ ಮೊಮ್ಮಗಳಿಗೆ ಎಂದೆ. ಅವನು ದನಿ ತಗ್ಗಿಸಿ, "ಮನ್ಯಾಗ ಏನರ ಬ್ಯಾಸರ ಅದ ಏನ್ರಿ?" ಎಂದ. ಹೇಗೋ ಅವನಿಗೆ ವಿವರಿಸಿ, ತೊಟ್ಟಿಲಿನ ಅಳತೆ ಕೊಟ್ಟು, ಸುತ್ತ ಬೆರಳು ಹೋಗುವಷ್ಟೂ ಸಂದು ಉಳಿಯದ ಹಾಗೆ ಗಟ್ಟಿ ಗಾದಿಯೊಂದನ್ನು ಕತ್ತರಿಸಿ ಮಾಡಿಸಿಕೊಂಡೆ. ಅದರ ಮೇಲೆ ಎಳೆದು ಬಿಗಿಯಾಗಿ ಕಟ್ಟುವ ಒಂದು ಹಾಸು. ಇನ್ನು ಕೂಸು ಮಲಗುವಾಗ ಹಾಕುವ ಝಬಲಾ. ಮಗಳು ಹೇಳಿಕಳಿಸಿದ್ದು: ಕುತ್ತಿಗೆಗೆ ಕಟ್ಟುವ ಲಾಡಿ ಇರಬಾರದು, ಕಿತ್ತು ಬರುವ ಗುಂಡಿ ಇರಬಾರದು, ಹಿಂದೆ ಟೋಪಿ ಇರಬಾರದು, ಮೈಗೆ ಸರಿಯಾಗಿರಬೇಕು, ತೆಳ್ಳನೆಯ ಹತ್ತಿ ಬಟ್ಟೆ ಆಗಿರಬೇಕು. ಬಟ್ಟೆ ಅಂಗಡಿಯಲ್ಲಿ ಇದ್ದದ್ದೆಲ್ಲ ಬೇರೆಯೇ. ಕರಡಿಯ ಕಿವಿ ಇರುವ ಟೋಪಿಯ, ಕಂಬಳಿಯಷ್ಟು ದಪ್ಪದ ಒಂದು ಉಡುಪನ್ನು ಅಂಗಡಿಯ ಹುಡುಗಿ ಪ್ರೀತಿಯಿಂದ ಬಿಡಿಸಿ ತೋರಿಸಿದಳು. ಹೊರಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. "ಇದನ್ನ ರಾಯಚೂರಾಗ ಯಾರವ್ವಾ ತೊಗೋತಾರ?" ಎಂದೆ. "ಭಾಳ ಓಡ್ತದ ರೀ" ಎಂದಳು. ಬರಿಗೈಯಲ್ಲಿ ಬಂದೆ. ಗಿರಿಜಾ ನನ್ನ ತೊಳೆದು ತೊಳೆದು ಸವೆದ ಧೋತರವೊಂದನ್ನು ಕತ್ತರಿಸಿ, ಲಾಡಿ ಗುಂಡಿ ಏನೂ ಇಲ್ಲದೆ ಎದುರಿಗೆ ಒಂದು ಅಂಚಿನ ಮೇಲೆ ಇನ್ನೊಂದು ಬರುವ ಝಬಲಾಗಳನ್ನು ಹೊಲಿದುಕೊಟ್ಟಳು. ಮೊಮ್ಮಗಳು ನನ್ನ ಧೋತರದಲ್ಲಿ ಅಂಗಾತ ಮಲಗಿ ಕೈಕಾಲು ಬಡಿಯುವುದನ್ನು ನೋಡುತ್ತಾ ಕೂತಾಗ ಮಿಲ್ಲಿಗೆ ಹೋಗಲು ಮನಸ್ಸೇ ಆಗುತ್ತಿರಲಿಲ್ಲ. ಕೈ ಕಾಲು ಸ್ವಲ್ಪ ತಣ್ಣಗಿದ್ದರೆ ಗಾಬರಿಯಾಗಬೇಡಿ, ಎದೆ ಮತ್ತು ಕುತ್ತಿಗೆ ಮುಟ್ಟಿ ನೋಡಿ ಎಂದು ಮಗಳು ಕಲಿಸಿದ್ದಳು. ಮುಟ್ಟಿ ನೋಡುವ ಕೆಲಸ ನನಗೆ ಹೊಸದಲ್ಲವಲ್ಲ.

ಆಮೇಲೆ ಬಂತು ತೊಟ್ಟಿಲ ಕಾರ್ಯ. ಮಾನ್ವಿಯಿಂದ ನನ್ನ ಅಕ್ಕ ನೀಲಮ್ಮ ಬಂದಳು. ಮಸರಕಲ್ಲಿನಿಂದ ಬೀಗರು ಬಂದರು. ಅಳಿಯನ ತಾಯಿ ಅಮರಮ್ಮ ಹೊಲಮನೆ ನೋಡಿಕೊಂಡಿರುವ ಹೆಂಗಸು, ಮಾತು ಬಹಳ ಕಡಿಮೆ. ಮದುವೆಯಲ್ಲಿ ಬಡಿಸಿದ್ದನ್ನೆಲ್ಲ ಉಂಡು ಏನೂ ಹೇಳದೆ ಕೈ ತೊಳೆದಿದ್ದರು. ಹೋಳಿಗೆ ಚೆನ್ನಾಗಿತ್ತೋ ಇಲ್ಲವೋ ಎಂದು ಗಿರಿಜಾ ಈಗಲೂ ಆಗಾಗ ಯೋಚಿಸುತ್ತಾಳೆ. ಆ ಅಮರಮ್ಮ ಒಂದು ಕೌದಿ ತಂದಿದ್ದರು. ತಮ್ಮ ಹಳೆಯ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ, ಜೋಳದ ಕಾಳಿನಷ್ಟು ಸಣ್ಣ ಹೊಲಿಗೆ ಹಾಕಿದ್ದರು. ನಾನು ಮುಟ್ಟಿ ನೋಡಿದೆ. ಅಂಥ ಕೈಕೆಲಸ ಈಗ ನೋಡಲು ಸಿಗುವುದಿಲ್ಲ. ನೀಲಕ್ಕ ಮಿರಿಮಿರಿ ಹೊಳೆಯುವ ಸ್ಯಾಟಿನ್ನಿನ ಫ್ರಾಕು, ಗದ್ದದ ಕೆಳಗೆ ರಿಬ್ಬನ್ನು ಕಟ್ಟುವ ಟೋಪಿ, ತಲೆ ದುಂಡಗಾಗಲೆಂದು ಸಾಸಿವೆ ತುಂಬಿದ ದಿಂಬು ತಂದಿದ್ದಳು. ಪೂರ್ಣಿಮಾ ನನ್ನನ್ನು ಒಳಗೆ ಕರೆದು, "ಯಪ್ಪಾ, ತಂದ ಕೌದಿ ಬ್ಯಾಡ ಅಂತ ಎಲ್ಲಾರ ಮುಂದ ನಾ ಹೇಳಿದ್ರ ಅತ್ತೆವ್ರು ಬ್ಯಾಸರ ಮಾಡ್ಕೋತಾರ. ನೀನು ತೊಟ್ಲ ಹತ್ರ ನಿಂತು ಎಲ್ಲಾರಿಗೂ ತಿಳಿಸಿ ಹೇಳು" ಎಂದಳು. ನಾನು ಎದೆ ತಟ್ಟಿ ಒಪ್ಪಿಕೊಂಡೆ.

ನಿಂತದ್ದೇನೋ ನಿಂತೆ. ಅಕ್ಕ ಕೂಸಿಗೆ ಫ್ರಾಕು ತೊಡಿಸಿ, ಟೋಪಿ ಕಟ್ಟಿ, ತಲೆಯ ಕೆಳಗೆ ದಿಂಬಿಟ್ಟಳು. ನಾನು ಗಂಟಲು ಸರಿಮಾಡಿಕೊಂಡೆ. ಅಮರಮ್ಮನವರ ಕೈಯಿಂದ ಕೌದಿ ಇಸಿದುಕೊಂಡ ಗಿರಿಜಾ, ಬೀಗಿತಿಯ ಎದುರಿಗೇ ಮಡಚಿಡುವುದು ಹೇಗೆಂದು, ಅದನ್ನು ಕೂಸಿನ ಎದೆಯವರೆಗೆ ಹೊದಿಸಿದಳು. ನಾನು ಮತ್ತೆ ಗಂಟಲು ಸರಿಮಾಡಿಕೊಂಡೆ. "ಕೆಮ್ಮು ಅದ ಏನೋ ತಮ್ಮಾ, ಕೂಸಿನಿಂದ ದೂರ ನಿಲ್ಲು" ಎಂದಳು ಅಕ್ಕ. ಹೆಣ್ಣುಮಕ್ಕಳು ಜೋಗುಳ ಹಾಡಿದರು, ಹೆಸರು ಕರೆದರು. ಮೊದಲು ಅತ್ತ ಕೂಸು ಆಮೇಲೆ ಸುಮ್ಮನಾಯಿತು. "ಹಾಡು ಕೇಳಿ ಮಲಗ್ತು ನೋಡ್ರಿ" ಎಂದು ಯಾರೋ ಹೇಳಿದರು. ಆಗಲೇ ಕರೆಂಟು ಹೋಯಿತು. ಫ್ಯಾನು ನಿಂತ ಕೋಣೆಯಲ್ಲಿ ಜನ ಸೆರಗಿನಿಂದ, ತಟ್ಟೆಯಿಂದ ಗಾಳಿ ಹಾಕಿಕೊಳ್ಳುತ್ತಾ ಊಟದ ಎಲೆಗಳ ಕಡೆ ಹೊರಟರು. ನಾನು ಮಾತ್ರ ತೊಟ್ಟಿಲ ಪಕ್ಕದಲ್ಲಿ ನಿಂತು, ಮೊದಲು ದಿಂಬು ತೆಗೆಯಲೋ ಕೌದಿ ತೆಗೆಯಲೋ, ಯಾವುದನ್ನು ಮೊದಲು ತೆಗೆದರೆ ಯಾರಿಗೆ ಕಡಿಮೆ ಬೇಸರವಾದೀತು ಎಂದು ಲೆಕ್ಕ ಹಾಕುತ್ತಿದ್ದೆ.

ಎದುರಿಗೆ ಇನ್ನೊಬ್ಬರು ನಿಂತಿದ್ದರು. ಅಮರಮ್ಮ. ಅವರೂ ತೊಟ್ಟಿಲನ್ನೇ ನೋಡುತ್ತಿದ್ದರು, ನಡುನಡುವೆ ನನ್ನನ್ನು ನೋಡುತ್ತಿದ್ದರು. ದಿಂಬಿನಿಂದಾಗಿ ಕೂಸಿನ ಗದ್ದ ಎದೆಗೆ ತಾಗಿತ್ತು. ರಿಬ್ಬನ್ನು ಸರಿದು ತುಟಿಯ ಹತ್ತಿರ ಬಂದಿತ್ತು. ಮುಖ ಕೆಂಪಗೆ ಹಣ್ಣಾಗಿತ್ತು. ಅಮರಮ್ಮ ಬಗ್ಗಿ ಕುತ್ತಿಗೆಯ ಹತ್ತಿರ ಬೆರಳು ಇಟ್ಟರು. ಬೆರಳು ಒದ್ದೆಯಾಯಿತು. ಆಮೇಲೆ ಅವರು ಯಾರ ಮುಖವನ್ನೂ ನೋಡಲಿಲ್ಲ. ಕೌದಿಯನ್ನು ತೆಗೆದು ನನ್ನ ಹೆಗಲಿಗೆ ಹಾಕಿದರು. ಕೂಸನ್ನು ಎತ್ತಿಕೊಂಡು ಟೋಪಿಯ ಗಂಟು ಬಿಚ್ಚಿದರು, ಫ್ರಾಕು ಕಳಚಿದರು. ಗಾಳಿ ತಾಗಿದ ಕೂಸು ಒಂದು ದೊಡ್ಡ ಉಸಿರು ಎಳೆದುಕೊಂಡು ಕಿರುಚಿತು. ನನ್ನ ಜೀವಮಾನದಲ್ಲಿ ಅಷ್ಟು ಇಂಪಾದ ಕೂಗನ್ನು ನಾನು ಕೇಳಿಲ್ಲ. ಉಡಿ ತುಂಬಿಸಿಕೊಳ್ಳಲು ಒಳಗೆ ಕೂತಿದ್ದ ಪೂರ್ಣಿಮಾ ಓಡಿಬಂದು ಕೂಸನ್ನು ಇಸಿದುಕೊಂಡು ಕುಡಿಸಲು ಕೂತಳು.

ಹಿಂದೆಯೇ ಬಂದ ನೀಲಕ್ಕ, "ಅದ್ಯಾಕ್ರಿ ಎಲ್ಲಾ ಬಿಚ್ಚಿದ್ರಿ?" ಎಂದಳು.

"ಕೂಸು ಬೆಂದುಹೋಗಾಕತ್ತಿತ್ತು ಅಕ್ಕಾರ" ಎಂದರು ಅಮರಮ್ಮ.

ಗಿರಿಜಾ ಮೆಲ್ಲಗೆ, "ನಿಮ್ಮ ಕೌದಿ ಹೊದಿಸದಿದ್ರ ನೀವು ಏನರ ತಿಳ್ಕೋತೀರಿ ಅಂತ..." ಎಂದು ಅರ್ಧಕ್ಕೆ ನಿಲ್ಲಿಸಿದಳು.

ಅಮರಮ್ಮ ಅವಳನ್ನೇ ನೋಡಿದರು. "ಸೊಸಿ ನನಗ ಫೋನಿನ್ಯಾಗ ದವಾಖಾನಿ ಮಾತು ಹೇಳ್ಯಾಳ. ಹೊದಿಸಬಾರ್ದು ಅಂತ ಗೊತ್ತದ. ಕೌದಿ ನೆಲಕ್ಕ ಹಾಸಿ, ಎಚ್ಚರಿದ್ದಾಗ ಆಡಾಕ ಬಿಡಾಕ ಹೊಲಿದೀನಿ. ನೀವು ಹೊದಿಸಿದ್ರಿ. ನಿಮ್ಮ ಮನ್ಯಾಗ ನಾ ಹ್ಯಾಂಗ ಬ್ಯಾಡ ಅನ್ಲಿ ಅಂತ ಬೀಗರ ಮಾರಿ ನೋಡಿದೆ. ಅವ್ರು ಕೆಮ್ಮಿದ್ರು."

ಮದುವೆಯ ದಿನದಿಂದ ಅವರು ನಮ್ಮ ಮನೆಯಲ್ಲಿ ಆಡಿದ ಅತ್ಯಂತ ಉದ್ದದ ಮಾತು ಇದು. ಎರಡು ಮನೆಯವರೂ ಒಬ್ಬರ ಮರ್ಯಾದೆ ಒಬ್ಬರು ಕಾಯುತ್ತಾ ನಿಂತಿದ್ದೆವು. ಆ ಮರ್ಯಾದೆಯನ್ನೆಲ್ಲ ಹೊದ್ದು ಬೆವೆತದ್ದು ಮಾತ್ರ ಏನೂ ಅರಿಯದ ಒಂದು ಜೀವ. ಗಿರಿಜಾ ಬೀಗಿತಿಯ ಕೈ ಹಿಡಿದುಕೊಂಡಳು. ಇಬ್ಬರೂ ಕೂಡಿ ದಿಂಬು ತೆಗೆದು, ಹಾಸನ್ನು ಬಿಗಿಯಾಗಿ ಎಳೆದು ತೊಟ್ಟಿಲನ್ನು ಖಾಲಿ ಮಾಡಿದರು. ಮುಖ ಊದಿಸಿಕೊಂಡಿದ್ದ ನೀಲಕ್ಕನನ್ನು ಪೂರ್ಣಿಮಾಳೇ ಸಮಾಧಾನ ಮಾಡಿದಳು. ಸಂಜೆ ಕೂಸು ಎಚ್ಚರವಾಗಿದ್ದಾಗ ಸ್ಯಾಟಿನ್ ಫ್ರಾಕು ತೊಡಿಸಿ ಅವಳ ತೊಡೆಯ ಮೇಲಿಟ್ಟು ಫೋಟೊ ತೆಗೆದರು, ತೆಗೆದ ಕೂಡಲೇ ಬಿಚ್ಚಿದರು. ನೀಲಕ್ಕ ಆ ಫೋಟೊವನ್ನು ಮಾನ್ವಿಯಲ್ಲಿ ತೋರಿಸದ ಮನೆಯಿಲ್ಲ.

ಬಾಯಿಗೆ ಬರಬೇಕಾದಾಗ ಬಾರದ ಮಾತು ಆಮೇಲೆ ಬೇಡವೆಂದರೂ ಬರುತ್ತದೆ. ಈಚೆಗೆ ಹತ್ತಿ ನೋಡಲು ಮಾನ್ವಿಗೆ ಹೋಗಿದ್ದೆ. ನೀಲಕ್ಕ ತನ್ನ ಓಣಿಯ ಒಂದು ತೊಟ್ಟಿಲ ಕಾರ್ಯಕ್ಕೆ ನನ್ನನ್ನೂ ಕರೆದುಕೊಂಡು ಹೋದಳು. ಅಲ್ಲಿ ಯಾರ ಪರಿಚಯವೂ ನನಗಿರಲಿಲ್ಲ. ತೊಟ್ಟಿಲೊಳಗೆ ನೋಡಿದರೆ ಕೂಸಿನ ಪಕ್ಕದಲ್ಲೇ ದಿಂಬು. ಈ ಸಲ ನಾನು ಕೆಮ್ಮಲಿಲ್ಲ. ಕೈ ಹಾಕಿ ದಿಂಬು ಎತ್ತಿಕೊಂಡೆ, ಯಾಕೆ ಎತ್ತಿಕೊಂಡೆ ಎಂಬುದನ್ನು ಸುತ್ತ ಇದ್ದವರಿಗೆಲ್ಲ ಹೇಳಿದೆ. ಕೂಸಿನ ಅಜ್ಜಿ ಸಾವಧಾನವಾಗಿ ಕೇಳಿ, "ನೀವು ಡಾಕ್ಟರ್ ಏನ್ರಿ?" ಎಂದರು. "ಇಲ್ರೀ ಯವ್ವಾ, ಹತ್ತಿ ಖರೀದಿ ಮಾಡ್ತೀನಿ" ಎಂದೆ. ಕೂಸಿನ ತಾಯಿ ಮಾತ್ರ ನನ್ನ ಕಡೆ ನೋಡಿ ತಲೆಯಾಡಿಸಿದಳು. ನನಗೆ ಅಷ್ಟೇ ಸಾಕಾಗಿತ್ತು. ಆದರೆ ಎತ್ತಿಕೊಂಡ ದಿಂಬನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಕೆಳಗಿಟ್ಟರೆ ಯಾರಾದರೂ ಮತ್ತೆ ತೊಟ್ಟಿಲಿಗೆ ಹಾಕಿಯಾರು ಎಂದು ಕಂಕುಳಲ್ಲೇ ಇಟ್ಟುಕೊಂಡು ಉಂಡೆ.

ಮರುದಿನ ಆ ಮನೆಯವರು ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಫೋಟೊಗಳನ್ನು ಹಾಕಿದರಂತೆ. ಅಕ್ಕ ಫೋನು ಮಾಡಿದಳು. "ಎಲ್ಲಾ ಫೋಟೊದಾಗೂ ನೀನು ದಿಂಬು ಹಿಡ್ಕೊಂಡು ನಿಂತೀದಿ. ಇವ್ರು ಯಾರ ಪೈಕಿ ಅಂತ ಎಲ್ಲಾರೂ ಕೇಳಾಕತ್ತಾರ."

"ನನ್ನ ತಮ್ಮ ಅಂತ ಹೇಳಬೇಕಿತ್ತಲ್ಲ ಅಕ್ಕಾ?"

"ಗಂಡಿನ ಕಡೇರು ಇರಬೇಕು ಅಂತ ಹೇಳೀನಿ ತಮ್ಮಾ" ಎಂದಳು. "ನಾ ಈ ಓಣ್ಯಾಗ ಇರಬೇಕಲ್ಲ."